ಹಜರತ್‌ಬಲ್‌ಗೆ ಹೋಗುವವರಿಗೆ: ಬಿಜಾಪುರದಿಂದ ಕಾಶ್ಮೀರ ಸೇರಿದ ಪವಿತ್ರ ಕೇಶದ ದೀದಾರಿಗೆ (ದರ್ಶನಕ್ಕೆ) ಒಂದು ಕೈಪಿಡಿ

ಶ್ರೀನಗರಕ್ಕೆ ಹೋಗಿಬಂದವರ ಫೋಟೊಗಳಲ್ಲಿ ಹಜರತ್‌ಬಲ್ ಮಸೀದಿ ಇದ್ದೇ ಇರುತ್ತದೆ. ದಾಲ್ ಸರೋವರದ ನೀರು, ದಡದಲ್ಲಿ ಬಿಳಿ ಗುಮ್ಮಟ, ಪಕ್ಕದಲ್ಲಿ ಒಂದೇ ಒಂದು ಮಿನಾರು. ಆದರೆ ಪ್ಯಾಕೇಜ್ ಟೂರಿನಲ್ಲಿ ಹೋದವರಿಗೆ ಅಲ್ಲಿ ಅರ್ಧ ಗಂಟೆ ಸಿಕ್ಕರೆ ಜಾಸ್ತಿ. ಚಪ್ಪಲಿ ಬಿಟ್ಟು, ಒಂದು ಸುತ್ತು ಹಾಕಿ, ಪಾರಿವಾಳಗಳಿಗೆ ಕಾಳು ಚೆಲ್ಲುವಷ್ಟರಲ್ಲಿ ಡ್ರೈವರ್ ಕರೆಯುತ್ತಾನೆ. ಅಷ್ಟು ಹೊತ್ತು ಸಾಲುವುದಿಲ್ಲ. ಕಾಶ್ಮೀರದ ಮುಸ್ಲಿಮರ ಮನಸ್ಸಿಗೆ ಇದಕ್ಕಿಂತ ಹತ್ತಿರದ ಜಾಗ ಆ ಕಣಿವೆಯಲ್ಲಿ ಇನ್ನೊಂದಿಲ್ಲ. ಪ್ರವಾದಿ ಮುಹಮ್ಮದರ (ಸ) ಕೇಶ ಇಲ್ಲಿದೆ ಎಂಬುದು ಅವರ ನಂಬಿಕೆ. ಅದನ್ನು ಮೂ-ಎ-ಮುಖದ್ದಸ್ ಅನ್ನುತ್ತಾರೆ.

ಕನ್ನಡಿಗರಾದ ನಾವು ಈ ಮಸೀದಿಗೆ ಹೋಗಲು ಇನ್ನೊಂದು ಕಾರಣವೂ ಇದೆ. ಕಾಶ್ಮೀರ ಸೇರುವ ಮೊದಲು ಆ ಕೇಶ ಇದ್ದದ್ದು ಬಿಜಾಪುರದಲ್ಲಿ. ಶ್ರೀನಗರದ ಹಿರಿಯರಿಗೆ ಬಿಜಾಪುರದ ಹೆಸರು ಗೊತ್ತು. ಬಿಜಾಪುರ ಜಿಲ್ಲೆಯವರಿಗೇ ಈ ಸಂಗತಿ ಅಷ್ಟಾಗಿ ಗೊತ್ತಿಲ್ಲ ಅನ್ನುವುದು ನನಗೆ ಬೇಸರದ ವಿಷಯ. ಹಾಗಾಗಿ ಕಥೆ ಮತ್ತು ದಾರಿ ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನೀವು ಮುಸ್ಲಿಮರಾಗಿರಿ, ಬೇರೆ ಧರ್ಮದವರಾಗಿರಿ, ಹಜರತ್‌ಬಲ್‌ಗೆ ಕಡೇಪಕ್ಷ ಅರ್ಧ ದಿನ ತೆಗೆದಿಡಿ.

1. ಹೊರಡುವ ಮುಂಚೆ ಕಥೆ ತಿಳಿದುಕೊಳ್ಳಿ

ಪರಂಪರೆ ಹೇಳುವುದು ಹೀಗೆ. ಸೈಯದ್ ಅಬ್ದುಲ್ಲಾ ಅನ್ನುವವರು ಮದೀನಾ ಬಿಟ್ಟು 1635ರಲ್ಲಿ ಬಿಜಾಪುರಕ್ಕೆ ಬಂದು ನೆಲೆಸಿದರು. ಪ್ರವಾದಿಯವರ ವಂಶದವರು ಅವರು. ಮನೆತನದಲ್ಲಿ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕೇಶವನ್ನೂ ಜೊತೆಗೆ ತಂದಿದ್ದರು. ಆಗ ಬಿಜಾಪುರವನ್ನು ಆಳುತ್ತಿದ್ದದ್ದು ಮುಹಮ್ಮದ್ ಆದಿಲ್‌ಶಾ, ಅಂದರೆ ಗೋಲಗುಮ್ಮಟದಲ್ಲಿ ಮಲಗಿರುವ ಸುಲ್ತಾನ. ಅರಬ್ ದೇಶದಿಂದ, ಇರಾನಿನಿಂದ ಬಂದ ವಿದ್ವಾಂಸರಿಗೆ, ಸೂಫಿಗಳಿಗೆ ಆ ಊರು ಬಾಗಿಲು ತೆರೆದಿಟ್ಟಿದ್ದ ಕಾಲ ಅದು.

ಸೈಯದ್ ಅಬ್ದುಲ್ಲಾ ತೀರಿಕೊಂಡ ಮೇಲೆ ಕೇಶ ಅವರ ಮಗ ಸೈಯದ್ ಹಮೀದರ ಕೈಗೆ ಬಂತು. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಆದಿಲ್‌ಶಾಹಿ ಮುಗಿಯಿತು. ಹಮೀದರ ಜಹಗೀರಿಯೂ ಹೋಯಿತು. ಕೈ ಬರಿದಾದ ಆ ಹೊತ್ತಿನಲ್ಲಿ ಅವರು ಕೇಶವನ್ನು ಒಬ್ಬ ಕಾಶ್ಮೀರಿ ವ್ಯಾಪಾರಿಗೆ ಒಪ್ಪಿಸಿದರು. ಆತನ ಹೆಸರು ಖ್ವಾಜಾ ನೂರುದ್ದೀನ್ ಇಶಾಯಿ.

ಸುದ್ದಿ ಔರಂಗಜೇಬನ ಕಿವಿಗೆ ಬಿತ್ತು. ಇಂಥ ವಸ್ತು ಒಬ್ಬ ವ್ಯಾಪಾರಿಯ ಹತ್ತಿರ ಇರುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. ಕೇಶವನ್ನು ಕಸಿದು ಅಜ್ಮೀರದ ಖ್ವಾಜಾ ಮುಈನುದ್ದೀನ್ ಚಿಶ್ತಿಯವರ ದರ್ಗಾಕ್ಕೆ ಕಳಿಸಿದ. ನೂರುದ್ದೀನನನ್ನು ಸೆರೆಗೆ ಹಾಕಿಸಿದ. ಕೆಲವು ದಿನಗಳಲ್ಲಿ ಬಾದಶಹನ ಮನಸ್ಸು ಬದಲಾಯಿತು. ಕನಸಿನಲ್ಲಿ ಅಪ್ಪಣೆಯಾಯಿತು ಅನ್ನುತ್ತಾರೆ. ಕೇಶವನ್ನು ವಾಪಸು ಕೊಟ್ಟು ಕಾಶ್ಮೀರಕ್ಕೆ ಒಯ್ಯಲು ಹೇಳಿದ. ಅಷ್ಟರಲ್ಲಿ ನೂರುದ್ದೀನ್ ಸೆರೆಮನೆಯಲ್ಲೇ ತೀರಿಹೋಗಿದ್ದ. 1700ರಲ್ಲಿ ಕೇಶದ ಜೊತೆ ಅವನ ಹೆಣವೂ ಊರು ಸೇರಿತು.

ಮುಂದೆ ಕೇಶವನ್ನು ಕಾಯುವ ಹೊಣೆ ಬಂದದ್ದು ಅವನ ಮಗಳಿಗೆ. ಆಕೆಯ ಹೆಸರು ಇನಾಯತ್ ಬೇಗಂ. ಆಕೆ ಸೇರಿದ ಮನೆ ಬಾಂಡೆ ಮನೆತನ. ಇವತ್ತಿಗೂ ದೀದಾರ್ ಮಾಡಿಸುವವರು ಅದೇ ಮನೆತನದವರು. ಈ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬಾದಶಹರು, ಸುಬೇದಾರರ ನಡುವೆ ಇನಾಯತ್ ಬೇಗಂ ಹೆಸರು ಕಳೆದುಹೋಗುವುದೇ ಹೆಚ್ಚು.

ಸಾಧ್ಯವಾದರೆ ಕಾಶ್ಮೀರಕ್ಕೆ ಹೋಗುವ ಮುಂಚೆ ವಿಜಯಪುರದ ಆಸಾರ್ ಮಹಲನ್ನು ನೋಡಿಬನ್ನಿ. 1646ರ ಸುಮಾರಿಗೆ ಮುಹಮ್ಮದ್ ಆದಿಲ್‌ಶಾ ನ್ಯಾಯದ ಕಚೇರಿಗೆಂದು ಕಟ್ಟಿಸಿದ ಮಹಲು ಅದು. ಆಮೇಲೆ ಪ್ರವಾದಿಯವರ ಕೇಶಗಳನ್ನು ಇಡುವ ಜಾಗವಾಯಿತು. ಮುಂದೆ ಕೊಳ, ಸೂರನ್ನು ಹೊತ್ತ ಎತ್ತರದ ಮರದ ಕಂಬಗಳು, ಮೇಲಿನ ಕೋಣೆಯ ಗೋಡೆಗಳಲ್ಲಿ ಮಾಸಿದ ಚಿತ್ರಗಳು. ಇಲ್ಲಿನ ಕೇಶಗಳು ಬೇರೆ, ಹಜರತ್‌ಬಲ್‌ಗೆ ಹೋದದ್ದು ಬೇರೆ. ಎರಡನ್ನೂ ಕಲಸಿ ಹೇಳುವವರಿದ್ದಾರೆ, ಗಮನವಿರಲಿ. ಆಸಾರ್ ಮಹಲಿನ ಒಳಗೆ ಹೆಂಗಸರನ್ನು ಬಿಡುವುದಿಲ್ಲ. ಹೊರಗಿನಿಂದ, ಕೊಳದ ಕಡೆಯಿಂದ ನೋಡಬಹುದು.

2. ದಿನ ಗೊತ್ತು ಮಾಡಿಕೊಳ್ಳಿ

ಕೇಶವನ್ನು ದಿನಾ ತೋರಿಸುವುದಿಲ್ಲ. ವರ್ಷದಲ್ಲಿ ಕೆಲವೇ ದಿನ ದೀದಾರ್ ಇರುತ್ತದೆ: ಈದ್ ಮಿಲಾದ್, ಶಬೆ ಮೆಹ್ರಾಜಿನ ಹಬ್ಬ (ಪ್ರವಾದಿಯವರು ಸ್ವರ್ಗಾರೋಹಣ ಮಾಡಿದ ರಾತ್ರಿ), ಅವುಗಳ ಮುಂದಿನ ಶುಕ್ರವಾರ ಮತ್ತು ನಾಲ್ವರು ಖಲೀಫರ (ಅಬೂಬಕರ್, ಉಮರ್, ಉಸ್ಮಾನ್, ಅಲಿ) ನೆನಪಿನ ದಿನಗಳು. ಇವೆಲ್ಲ ಚಂದ್ರಮಾನದ ಲೆಕ್ಕದವು. ಮಿಲಾದ್ ಅಂದರೆ ರಬೀಉಲ್ ಅವ್ವಲ್ 12, ಮೆಹ್ರಾಜ್ ಅಂದರೆ ರಜಬ್ 27. ನಮ್ಮ ಕ್ಯಾಲೆಂಡರಿನಲ್ಲಿ ವರ್ಷವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತವೆ. 2025ರಲ್ಲಿ ಮಿಲಾದ್ ಬಂದದ್ದು ಸೆಪ್ಟೆಂಬರ್ ಮೊದಲ ವಾರದಲ್ಲಿ. ಮುಂದಿನ ಕೆಲವು ವರ್ಷ ಅದು ಆಗಸ್ಟಿಗೆ, ಆಮೇಲೆ ಜುಲೈಗೆ ಸರಿಯುತ್ತದೆ. ಅಂದರೆ ಹವೆ ಹಿತವಾಗಿರುವ ಕಾಲ. ನಮ್ಮಂಥ ದೂರದವರಿಗೆ ಈಗ ಒಳ್ಳೆಯ ಅವಕಾಶ. ಮೆಹ್ರಾಜ್ ಮಾತ್ರ ಈಗ ಚಳಿಗಾಲದಲ್ಲಿ ಬರುತ್ತಿದೆ. ಡಿಸೆಂಬರ್ 21ರಿಂದ 40 ದಿನ ಕಾಶ್ಮೀರಿಗಳು ಚಿಲ್ಲೈ ಕಲಾನ್ ಅನ್ನುವ ಕಡುಚಳಿಯ ಕಾಲ. ಆಗ ದಾಲ್ ಸರೋವರದ ಅಂಚು ಹೆಪ್ಪುಗಟ್ಟುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಆ ಸಮಯ ಬೇಡ.

ಚಂದ್ರ ಕಂಡ ಮೇಲೆಯೇ ದಿನ ಖಚಿತವಾಗುವುದು. ಟಿಕೆಟ್ ಮಾಡಿಸುವಾಗ ಹಿಂದೆ ಒಂದು ದಿನ, ಮುಂದೆ ಎರಡು ದಿನ ಬಿಡುವು ಇಟ್ಟುಕೊಳ್ಳಿ. ಮಿಲಾದಿನ ದಿನ ತಪ್ಪಿದರೂ ಅದರ ಮುಂದಿನ ಶುಕ್ರವಾರ ಸಿಕ್ಕೀತು.

ದೀದಾರಿನ ದಿನ ಹೋಗಲೇಬೇಕೆಂದಿಲ್ಲ. ಮಸೀದಿಯನ್ನು ನಿಧಾನವಾಗಿ ನೋಡಬೇಕು, ಸುಮ್ನೆ ಕೂರಬೇಕು ಅನ್ನುವವರಿಗೆ ಶುಕ್ರವಾರ ಬಿಟ್ಟು ಬೇರೆ ಯಾವ ದಿನವಾದರೂ ಚೆನ್ನ. ನನ್ನ ಮಾತು ಕೇಳುವುದಾದರೆ ಎರಡು ಸಲ ಹೋಗಿ. ಹಬ್ಬಕ್ಕೆ ಎರಡು ದಿನ ಮುಂಚೆ ಒಮ್ಮೆ ಹೋಗಿ ಬಾಗಿಲು ಎಲ್ಲಿ, ಹೆಂಗಸರ ಕಡೆ ಯಾವುದು, ನೀರಿನ ನಲ್ಲಿ ಎಲ್ಲಿ ಎಂದು ನೋಡಿಟ್ಟುಕೊಳ್ಳಿ. ಜನಸಾಗರದ ನಡುವೆ ಇದನ್ನೆಲ್ಲ ಹುಡುಕುವುದು ಕಷ್ಟ.

3. ಟಿಕೆಟ್ಟು, ಫೋನು, ಗುರುತಿನ ಚೀಟಿ

ವಿಮಾನವಾದರೆ ಬೆಂಗಳೂರಿನಿಂದ ದೆಹಲಿ ಮೂಲಕ ಹೋಗುವುದು ರೂಢಿ. ರೈಲು ಬೇಕೆನ್ನುವವರಿಗೆ ಈಗ ಹೊಸ ದಾರಿಯೂ ಇದೆ. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ನಡುವೆ ವಂದೇ ಭಾರತ್ ಓಡುತ್ತಿದೆ. ಚೆನಾಬ್ ಸೇತುವೆ ದಾಟಿ ಸುಮಾರು ಮೂರು ಗಂಟೆಯಲ್ಲಿ ಕಣಿವೆಗೆ ಇಳಿಸುತ್ತದೆ. ಮಂಗಳೂರಿನಿಂದ ಕಟ್ರಾಗೆ ವಾರಕ್ಕೊಮ್ಮೆ ನವಯುಗ ಎಕ್ಸ್‌ಪ್ರೆಸ್ ಇದೆ, ದಾರಿ ಬಹಳ ಉದ್ದ. ದೆಹಲಿವರೆಗೆ ಒಂದು ರೈಲು, ಅಲ್ಲಿಂದ ಕಟ್ರಾಗೆ ಇನ್ನೊಂದು ಎಂದು ಮಾಡಿಕೊಂಡರೆ ಸಲೀಸು.

ಫೋನಿನ ವಿಷಯ ಮರೆಯಬೇಡಿ. ಬೇರೆ ರಾಜ್ಯದ ಪ್ರೀಪೇಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್ ನಡೆಯುತ್ತದೆ. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಡ್ ಇರಲಿ. ಹೋಟೆಲಿನ ವಿಳಾಸ, ಫೋನ್ ನಂಬರನ್ನು ಕಾಗದದಲ್ಲಿ ಬರೆದು ಪ್ರತಿಯೊಬ್ಬರ ಜೇಬಿಗೂ ಹಾಕಿ. ಹಬ್ಬದ ದಿನ ಒಬ್ಬರಿಂದ ಒಬ್ಬರು ತಪ್ಪಿಸಿಕೊಳ್ಳುವುದು ಬಲು ಸುಲಭ.

ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಸದಾ ಜೊತೆಗಿರಲಿ. ಊರಲ್ಲಿ ಅಲ್ಲಲ್ಲಿ ತಪಾಸಣೆ ಇರುತ್ತದೆ. ವಾಪಸು ಬರುವಾಗ ಶ್ರೀನಗರ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಮುಂಚೆ ಹೋಗಿ. ಅಲ್ಲಿನ ತಪಾಸಣೆ ಒಂದೆರಡು ಸುತ್ತಿಗೆ ಮುಗಿಯುವುದಿಲ್ಲ.

4. ಮೊದಲು ಖ್ವಾಜಾ ಬಜಾರಿಗೆ

ಹಜರತ್‌ಬಲ್‌ಗೆ ನೇರ ಹೋಗಬೇಡಿ. ಬೆಳಿಗ್ಗೆ ಹಳೇ ಶ್ರೀನಗರದ ಖ್ವಾಜಾ ಬಜಾರಿನಲ್ಲಿರುವ ನಕ್ಷ್‌ಬಂದ್ ಸಾಹಿಬ್ ಎಂಬ ಸೂಫಿ ಪುಣ್ಯಸ್ಥಳಕ್ಕೆ ಹೋಗಿ. ಕೇಶ ಕಾಶ್ಮೀರಕ್ಕೆ ಬಂದಾಗ ಮೊದಲು ಇಟ್ಟದ್ದು ಅಲ್ಲಿ. ಊರಿಗೆ ಊರೇ ನೋಡಲು ಬಂದು ಜಾಗ ಸಾಲದೆ, ನೂಕುನುಗ್ಗಲಾಗಿ, ಸರೋವರದ ದಡದ ವಿಶಾಲ ಜಾಗಕ್ಕೆ ಸಾಗಿಸಿದರು. ಆ ಜಾಗವೇ ಹಜರತ್‌ಬಲ್.

ನಕ್ಷ್‌ಬಂದ್ ಸಾಹಿಬ್ ಮರದ ಕಟ್ಟಡ. ಕಾಶ್ಮೀರದ ಹಳೆಯ ಮಸೀದಿ, ಖಾನ್‌ಖಾಗಳು (ಸೂಫಿ ಮಠಗಳು) ಹೇಗಿರುತ್ತವೆ ಎಂದು ಇಲ್ಲಿ ಅರ್ಥವಾಗುತ್ತದೆ. ಗುಮ್ಮಟ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ಚಾವಣಿ, ದೇವದಾರು ಕಂಬ, ಕೆತ್ತಿದ ಜಾಲಿ ಕಿಟಕಿ. ಹತ್ತಿರದಲ್ಲೇ ನೌಹಟ್ಟಾದ ಜಾಮಿಯಾ ಮಸೀದಿ. ಸುಲ್ತಾನ್ ಸಿಕಂದರ್ 1394ರಲ್ಲಿ ಶುರು ಮಾಡಿಸಿದ್ದು. ಒಂದೊಂದು ದೇವದಾರು ಮರದ ಇಡೀ ಕಾಂಡವೇ ಒಂದೊಂದು ಕಂಬ. ಅಂಥ ಮುನ್ನೂರಕ್ಕೂ ಹೆಚ್ಚು ಕಂಬಗಳಿವೆ. ಇವೆರಡನ್ನೂ ನೋಡಿಕೊಂಡು ಹಜರತ್‌ಬಲ್‌ಗೆ ಬಂದರೆ, ಅಲ್ಲಿನ ಬಿಳಿ ಅಮೃತಶಿಲೆ ಎಷ್ಟು ಹೊಸದು ಎಂದು ತಟ್ಟನೆ ಕಾಣುತ್ತದೆ.

5. ದರ್ಗಾದ ದಾರಿ

ಸ್ಥಳೀಯರು ಹಜರತ್‌ಬಲ್ ಅನ್ನುವುದಕ್ಕಿಂತ ದರ್ಗಾ ಅನ್ನುವುದೇ ಹೆಚ್ಚು. ಆಟೊದವರಿಗೆ "ದರ್ಗಾ ಶರೀಫ್" ಅಂದರೆ ಸಾಕು. ಲಾಲ್ ಚೌಕದಿಂದ ಹತ್ತು ಕಿಲೋಮೀಟರಿನ ಒಳಗೆ. ಮಿನಿ ಬಸ್, ಸುಮೋ, ಈಚಿನ ವಿದ್ಯುತ್ ಬಸ್ಸುಗಳೂ ಓಡುತ್ತವೆ. ಒಂದು ದಾರಿ ರೈನಾವಾರಿ ಕಡೆಯಿಂದ ಊರೊಳಗೆ ಸಾಗುತ್ತದೆ. ಇನ್ನೊಂದು ಬುಲೆವಾರ್ಡ್, ನಿಶಾತ್ ಕಡೆಯಿಂದ ಸರೋವರವನ್ನು ಬಳಸಿ ಫೋರ್‌ಶೋರ್ ರಸ್ತೆಯಲ್ಲಿ ಬರುತ್ತದೆ. ಎರಡನೆಯದು ದೂರ, ಆದರೆ ಗುಮ್ಮಟ ನೀರಿನಾಚೆಯಿಂದ ನಿಧಾನವಾಗಿ ಹತ್ತಿರ ಬರುವುದನ್ನು ನೋಡಬಹುದು.

ಶಿಕಾರ ದೋಣಿಯಲ್ಲೂ ಬರಬಹುದು. ಬಾಡಿಗೆ ಮೊದಲೇ ಮಾತಾಡಿಕೊಳ್ಳಿ, ಹೋಗಿಬರಲು ಎಷ್ಟು, ಕಾಯುವುದಕ್ಕೆ ಎಷ್ಟು ಎಂದು ಬಿಡಿಸಿ ಕೇಳಿ. ಹೊತ್ತು ಹಿಡಿಯುತ್ತದೆ. ಆದರೆ ಕಮಲದ ಎಲೆಗಳು, ತೇಲುವ ತರಕಾರಿ ತೋಟಗಳ ನಡುವೆ ಹಾದುಬರುವುದಕ್ಕೆ ಅಷ್ಟು ಹೊತ್ತು ಕೊಡಬಹುದು.

6. ಒಳಗೆ ಹೋಗುವಾಗ

ಟಿಕೆಟ್ ಇಲ್ಲ. ಎಲ್ಲ ಧರ್ಮದವರೂ ಬರಬಹುದು. ಗೇಟಿನಲ್ಲಿ ಬ್ಯಾಗ್ ನೋಡುತ್ತಾರೆ, ಹಾಗಾಗಿ ದೊಡ್ಡ ಲಗೇಜು ಹೋಟೆಲಿನಲ್ಲೇ ಇರಲಿ. ಮೈತುಂಬ ಬಟ್ಟೆ ಹಾಕಿಕೊಳ್ಳಿ. ತಲೆ ಮುಚ್ಚಿಕೊಳ್ಳಬೇಕು. ಗಂಡಸರಿಗೆ ಟೋಪಿ ಇಲ್ಲದಿದ್ದರೆ ಕರವಸ್ತ್ರ ಕಟ್ಟಿದರೂ ನಡೆಯುತ್ತದೆ. ಹೆಂಗಸರು ದುಪಟ್ಟಾ ಅಥವಾ ಸೆರಗು ತಲೆಯ ಮೇಲೆ ಹೊದ್ದುಕೊಳ್ಳಲಿ. ಚಳಿಗಾಲದಲ್ಲಿ ಚಪ್ಪಲಿ ಬಿಟ್ಟು ಅಮೃತಶಿಲೆಯ ಮೇಲೆ ಕಾಲಿಟ್ಟರೆ ಜೀವ ಜುಮ್ ಅನ್ನುತ್ತದೆ, ದಪ್ಪ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ.

ನಮಾಜಿಗೆ ನಿಲ್ಲುವವರು ವುಝೂ ಮಾಡಿಕೊಂಡು (ಕೈಕಾಲು, ಮುಖ ತೊಳೆದು) ಮುಂದಿನ ಸಾಲುಗಳಿಗೆ ಹೋಗಿ. ನಮಾಜು ಮಾಡದವರು ಬಾಂಗ್ ಕೇಳಿದ ಕೂಡಲೇ ಹೊರಗಿನ ಅಂಗಳಕ್ಕೆ ಬಂದುಬಿಡಿ. ಯಾರಾದರೂ ಹೇಳಲಿ ಎಂದು ಕಾಯಬೇಡಿ. ನಮಾಜು ಮಾಡುವವರ ಮುಂದೆ ಹಾದುಹೋಗುವುದು ಸಲ್ಲದು, ಹಿಂದಿನಿಂದ ಸುತ್ತಿಬನ್ನಿ.

ಫೋಟೊ ಅಂಗಳದಲ್ಲಿ ಎಲ್ಲರೂ ತೆಗೆಯುತ್ತಾರೆ. ಒಳಗೆ ಬೇಡ. ಕೈಯೆತ್ತಿ ದುವಾ ಮಾಡುತ್ತಿರುವ, ಅಳುತ್ತಿರುವ ಹೆಂಗಸರ ಮುಖಕ್ಕೆ ಕ್ಯಾಮೆರಾ ಹಿಡಿಯುವುದಂತೂ ಬೇಡವೇ ಬೇಡ. ಅವರ ಸಂಕಟ ನಮ್ಮ ರೀಲ್‌ಗೆ ಸಾಮಾನಲ್ಲ.

ಕಟ್ಟಡದ ಬಗ್ಗೆ ಸ್ವಲ್ಪ ಹೇಳಬೇಕು. 1623ರಲ್ಲಿ ಮೊಘಲರ ಸುಬೇದಾರ ಸಾದಿಖ್ ಖಾನ್ ಇಲ್ಲಿ ತೋಟ ಮಾಡಿ, ಇಶ್ರತ್ ಮಹಲ್ ಎಂಬ ವಿಹಾರದ ಮನೆ ಕಟ್ಟಿಸಿದ್ದ. 1634ರಲ್ಲಿ ಶಾಜಹಾನ್ ಬಂದು ನೋಡಿ ಅದನ್ನು ನಮಾಜಿನ ಮನೆ ಮಾಡಿ ಎಂದ. ಕೇಶ ಬಂದ ಮೇಲೆ ಜಾಗದ ಹಣೆಬರಹವೇ ಬದಲಾಯಿತು. ಹಳೆಯ ಕಟ್ಟಡ ಕಾಶ್ಮೀರಿ ಶೈಲಿಯದ್ದು. ಈಗ ಕಾಣುವ ಅಮೃತಶಿಲೆಯ ಮಸೀದಿಯನ್ನು ಕಾಶ್ಮೀರದ ನಾಯಕ ಶೇಖ್ ಅಬ್ದುಲ್ಲಾ ಮುಂದಾಳತ್ವದಲ್ಲಿ ಔಖಾಫ್ (ಧರ್ಮದತ್ತಿ) ಟ್ರಸ್ಟ್ 1968ರಲ್ಲಿ ಶುರು ಮಾಡಿ 1979ರಲ್ಲಿ ಮುಗಿಸಿತು. ಮದೀನಾದ ಮಸೀದಿ ಕಣ್ಮುಂದೆ ಬರಲಿ ಎಂದೇ ಗುಮ್ಮಟ ಇಟ್ಟರು. ಈಗ ನೋಡಿಕೊಳ್ಳುವುದು ಜಮ್ಮು-ಕಾಶ್ಮೀರ ವಕ್ಫ್ ಬೋರ್ಡ್. ಹಣ ಕೊಡಬೇಕೆನಿಸಿದರೆ ಹುಂಡಿಗೆ ಹಾಕಿ ಅಥವಾ ರಶೀದಿ ಪಡೆದು ಕೊಡಿ.

ಹಳೆಯ ಮರದ ಕಟ್ಟಡ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗನಿಸುತ್ತದೆ. ಆದರೆ ಹಬ್ಬದ ದಿನ ಅಲ್ಲಿ ಸೇರುವ ಜನರನ್ನು ನೋಡಿದರೆ, ಅದರಲ್ಲಿ ಇಷ್ಟು ಜನ ಹಿಡಿಸುತ್ತಿರಲಿಲ್ಲ ಅನ್ನುವುದೂ ನಿಜ.

7. ಅಂಗಳದಲ್ಲಿ ಕೂತು ನೆನೆಯಬೇಕಾದ ಎಂಟು ದಿನ

ಸರೋವರದ ಕಡೆ ಹುಲ್ಲುಹಾಸಿದೆ. ಎದುರಿಗೆ ನೀರು, ನೀರಿನಾಚೆ ಝಬರ್ವಾನ್ ಬೆಟ್ಟಸಾಲು. ಅಲ್ಲಿ ಕೂತು 1963ರ ಡಿಸೆಂಬರನ್ನು ನೆನೆಯಿರಿ.

ಡಿಸೆಂಬರ್ 27ರ ಬೆಳಗಿನ ಜಾವ ಕೇಶ ಇರಲಿಲ್ಲ. ರಾತ್ರಿ ಯಾರೋ ಕದ್ದಿದ್ದರು. ಬೆಳಕು ಹರಿಯುವಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತು. ಚಿಲ್ಲೈ ಕಲಾನಿನ ಚಳಿ. ಜನ ಫೆರನ್ ನಿಲುವಂಗಿ ಹೊದ್ದು, ಎದೆಗೆ ಕಾಂಗ್ಡಿ (ಕೆಂಡದ ಬುಟ್ಟಿ) ಅವುಚಿಕೊಂಡು, ಕರಿಬಾವುಟ ಹಿಡಿದು ಬೀದಿಗಿಳಿದರು. ಅಂಗಡಿ, ಕಚೇರಿ, ಗಾಡಿ ಎಲ್ಲ ನಿಂತವು. ಹಳ್ಳಿಗಳಿಂದ ನಡೆದುಬಂದವರಿಗೆ ಬೀದಿಬೀದಿಯಲ್ಲಿ ಅನ್ನ ಬೇಯಿಸಿ ಹಾಕಿದರು. ಕಾಶ್ಮೀರಿ ಪಂಡಿತರು, ಸಿಖ್ಖರು ಮೆರವಣಿಗೆಯಲ್ಲಿ ಜೊತೆಯಾದರು. ಇದನ್ನು ಅಲ್ಲಿನ ಹಿರಿಯರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ನೆಹರೂ ಗುಪ್ತಚರ ಇಲಾಖೆಯ ಮುಖ್ಯಸ್ಥ ಬಿ.ಎನ್. ಮಲ್ಲಿಕ್ ಅವರನ್ನು ಶ್ರೀನಗರಕ್ಕೆ ಕಳಿಸಿದರು. ಜನವರಿ 4ರಂದು ಕೇಶ ಸಿಕ್ಕಿತು ಎಂದು ಪ್ರಕಟಣೆ ಬಂತು. ಸಂತೋಷದ ಬೆನ್ನಿಗೇ ಅನುಮಾನ ಬಂತು: ಸಿಕ್ಕಿದ್ದು ಅದೇನಾ? ಸರ್ಕಾರದ ಮಾತು ಸಾಕಾಗಲಿಲ್ಲ. ತಾವು ನಂಬುವ ಧರ್ಮಗುರುಗಳು ನೋಡಿ ಹೇಳಲಿ ಎಂದು ಜನ ಪಟ್ಟುಹಿಡಿದರು. ಲಾಲ್ ಬಹಾದ್ದೂರ್ ಶಾಸ್ತ್ರಿ ದೆಹಲಿಯಿಂದ ಬಂದು ಮಾತಾಡಿ ಅದಕ್ಕೆ ಒಪ್ಪಿದರು. 1964ರ ಫೆಬ್ರವರಿ 3ರಂದು ವಿಶೇಷ ದೀದಾರ್ ನಡೆಯಿತು. ಎಲ್ಲರೂ ಗೌರವಿಸುತ್ತಿದ್ದ ಹಿರಿಯ ಮೀರಕ್ ಶಾ ಕಾಶಾನಿ ಮುಂದೆ ಬಂದರು. ಕೇಶವಿದ್ದ ಗಾಜಿನ ನಳಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಇದೇ ಹೌದು ಎಂದರು. ಅಲ್ಲಿಗೆ ಕಣಿವೆ ಉಸಿರು ಬಿಟ್ಟಿತು.

ಕದ್ದವರ ಹಿಂದೆ ಯಾರಿದ್ದರು, ಮರಳಿ ಹೇಗೆ ಬಂತು ಅನ್ನುವುದನ್ನು ಪೂರ್ತಿಯಾಗಿ ಬಿಚ್ಚಿಡಲಿಲ್ಲ. ಆ ಸುದ್ದಿಯ ಕಿಡಿ ದೂರದ ಪೂರ್ವ ಪಾಕಿಸ್ತಾನಕ್ಕೂ ಕೋಲ್ಕತ್ತಕ್ಕೂ ಹಾರಿ, 1964ರ ಜನವರಿಯಲ್ಲಿ ಗಲಭೆಗಳಾಗಿ ಎರಡೂ ಕಡೆ ಅಮಾಯಕರು ಸತ್ತರು. ಶ್ರೀನಗರದಲ್ಲಿ ಮಾತ್ರ, ಕಳೆದುಕೊಂಡವರ ಊರಿನಲ್ಲೇ, ನೆರೆಯವರ ಮೇಲೆ ಕೈಯೆತ್ತಲಿಲ್ಲ. ಇದನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ.

1993ರ ಅಕ್ಟೋಬರಿನಲ್ಲಿ ಉಗ್ರಗಾಮಿಗಳು ಮಸೀದಿಯೊಳಗೆ ಸೇರಿಕೊಂಡಾಗ ಸೇನೆ ಸುತ್ತುವರಿಯಿತು. ಸುಮಾರು ಒಂದು ತಿಂಗಳು ಊರು ಜೀವ ಕೈಯಲ್ಲಿ ಹಿಡಿದಿತ್ತು. ಕೊನೆಗೆ ಮಾತುಕತೆಯಲ್ಲಿ ಮುಗಿಯಿತು, ಮಸೀದಿಗೆ ಏಟಾಗಲಿಲ್ಲ. ಈ ಅಂಗಳದಲ್ಲಿ ಓಡಾಡುವವರಿಗೆ ಇವೆಲ್ಲ ಪುಸ್ತಕದ ಮಾತಲ್ಲ, ಮನೆಯ ನೆನಪು. ನೀವಾಗಿ ಕೆದಕಿ ಕೇಳಬೇಡಿ. ಅವರೇ ಹೇಳಿದರೆ ಕೇಳಿಸಿಕೊಳ್ಳಿ.

8. ದೀದಾರಿನ ದಿನ ಏನಾಗುತ್ತದೆ

ಹಿಂದಿನ ರಾತ್ರಿಯಿಂದಲೇ ಜನ ಬರುತ್ತಾರೆ. ರಾತ್ರಿಯಿಡೀ ಪ್ರಾರ್ಥನೆ, ಕುರ್‌ಆನ್ ಪಾರಾಯಣ, ನಾತ್ (ಪ್ರವಾದಿಯವರ ಸ್ತುತಿಗೀತೆ) ನಡೆಯುತ್ತವೆ. ಬೆಳಗಿನ ನಮಾಜಾದ ಮೇಲೆ ಔರಾದ್-ಎ-ಫತ್‌ಹಿಯಾವನ್ನು ಎಲ್ಲರೂ ಒಟ್ಟಾಗಿ ದನಿಯೆತ್ತಿ ಓದುತ್ತಾರೆ. ಆರು ಶತಮಾನಗಳ ಹಿಂದೆ ಮೀರ್ ಸೈಯದ್ ಅಲಿ ಹಮದಾನಿ ಕಾಶ್ಮೀರಕ್ಕೆ ಕೊಟ್ಟ ಪ್ರಾರ್ಥನೆಗಳು ಅವು. ನಮ್ಮ ಕಡೆಯ ಮಸೀದಿಗಳಲ್ಲಿ ಹೀಗೆ ಒಕ್ಕೊರಲಿನಿಂದ ಓದುವುದನ್ನು ಕೇಳಿರುವುದಿಲ್ಲ. ಅದಕ್ಕೋಸ್ಕರವಾದರೂ ಬೆಳಗಿನ ಜಾವ ಎದ್ದು ಹೋಗಬೇಕು.

ದೀದಾರ್ ದಿನದ ಐದು ನಮಾಜುಗಳ ನಂತರ ನಡೆಯುತ್ತದೆ. ಮಧ್ಯಾಹ್ನದ ನಮಾಜಿಗೆ ಜನ ಬಹಳ. ದೂರದ ಹಳ್ಳಿಗಳ ಬಸ್ಸುಗಳೆಲ್ಲ ಆಗ ಬಂದಿರುತ್ತವೆ. ಮೊದಲ ಸಲ ಹೋಗುವವರು ಬೆಳಗಿನದನ್ನು ಆರಿಸಿಕೊಳ್ಳಿ. ಗಾಡಿಗಳನ್ನು ದೂರದಲ್ಲೇ ನಿಲ್ಲಿಸುತ್ತಾರೆ, ಒಂದೆರಡು ಕಿಲೋಮೀಟರ್ ನಡೆಯಲು ತಯಾರಿರಿ.

ಸಲಾಮ್ ಹೇಳಿ ನಮಾಜು ಮುಗಿದರೂ ಯಾರೂ ಏಳುವುದಿಲ್ಲ. ಎಲ್ಲರ ಮುಖ ಮೇಲಿನ ಮೊಗಸಾಲೆಯ ಕಡೆ. ಕೇಶ ಕಾಯುವ ಮನೆತನದವರು ಬರುತ್ತಾರೆ. ಎರಡೂ ಕೈಯಲ್ಲಿ ಆ ನಳಿಗೆಯನ್ನು ಎತ್ತಿಹಿಡಿದು, ಒಂದು ಕಡೆಯಿಂದ ಇನ್ನೊಂದು ಕಡೆಗೆ, ಬಹಳ ನಿಧಾನವಾಗಿ ತೋರಿಸುತ್ತಾರೆ. ಕೆಳಗಿನಿಂದ ಕೇಶ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಕೈಗಳು, ಬೆಳಕಿಗೆ ಒಮ್ಮೆ ಮಿನುಗುವ ಗಾಜು, ಅಷ್ಟೇ. ಆ ಹೊತ್ತಿಗೆ ಅಂಗಳದಲ್ಲಿ ಸಾವಿರಾರು ಕೈಗಳು ಒಟ್ಟಿಗೆ ಮೇಲೇಳುತ್ತವೆ. ಪ್ರವಾದಿಯವರಿಗೆ ಸಲ್ಲಿಸುವ ದುರೂದಿನ ದನಿ ಗುಡುಗಿನ ಹಾಗೆ ಉರುಳಿ ಬರುತ್ತದೆ. ಮುದುಕಿಯರು ಸೆರಗು ಚಾಚಿ ಬೇಡುತ್ತಾರೆ. ಗಂಡಸರು ಬಿಕ್ಕಿಬಿಕ್ಕಿ ಅಳುತ್ತಾರೆ. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಎತ್ತಿ, ಅಗೋ ನೋಡು ಎಂದು ತೋರಿಸುತ್ತಾರೆ. ಕೆಲವೇ ನಿಮಿಷ, ಮುಗಿಯಿತು.

ಆಗ ನೀವು ಮಾಡಬೇಕಾದದ್ದು ಇಷ್ಟೇ: ನಿಂತಲ್ಲೇ ನಿಲ್ಲಿ. ಮುಂದೆ ನುಗ್ಗಬೇಡಿ. ಫೋನು ಜೇಬಿನಲ್ಲಿರಲಿ. ಮುಗಿದ ಕೂಡಲೇ ಬಾಗಿಲಿಗೆ ಓಡಬೇಡಿ, ಹತ್ತು-ಹದಿನೈದು ನಿಮಿಷ ಕೂತು ಆಮೇಲೆ ಏಳಿ. ನೂಕುನುಗ್ಗಲು ಆಗುವುದೇ ಆ ಹದಿನೈದು ನಿಮಿಷದಲ್ಲಿ.

ಇನ್ನೊಂದು ಮಾತು. ಇದು ನಿಜವಾಗಿ ಪ್ರವಾದಿಯವರದ್ದೇ ಎಂದು ಹೇಗೆ ಹೇಳುತ್ತೀರಿ ಅನ್ನುವ ಪ್ರಶ್ನೆಯನ್ನು ಅಲ್ಲಿ ಎತ್ತಬೇಡಿ. ಮುಸ್ಲಿಮರಲ್ಲೇ ಇಂಥ ದೀದಾರನ್ನು ಒಪ್ಪದವರಿದ್ದಾರೆ. ಅದು ವಿದ್ವಾಂಸರು ಕೂತು ಮಾತಾಡುವ ವಿಷಯ. ಸತ್ತ ಮಗನಿಗಾಗಿಯೋ ಮದುವೆಯಾಗದ ಮಗಳಿಗಾಗಿಯೋ ಬೇಡಲು ಬೆಳಗಿನ ಜಾವ ನಡೆದುಬಂದ ತಾಯಿಯ ಮುಂದೆ ಆಡುವ ಮಾತಲ್ಲ.

9. ಹೆಂಗಸರು, ಮಕ್ಕಳು, ಹಿರಿಯರು

ಹೆಂಗಸರಿಗೆ ಬೇರೆ ಭಾಗವಿದೆ. ಗಂಡಸರು ನಮಾಜು ಮಾಡುವ ಮುಂದಿನ ಭಾಗಕ್ಕೆ ಬಿಡುವುದಿಲ್ಲ. ಕುಟುಂಬದ ಜೊತೆ ಹೋದರೆ ಒಳಗೆ ಬೇರೆಯಾಗಬೇಕು ಎಂದು ಮೊದಲೇ ಗೊತ್ತಿರಲಿ. ಎಲ್ಲಿ, ಎಷ್ಟು ಹೊತ್ತಿಗೆ ಮತ್ತೆ ಸೇರಬೇಕು ಎಂದು ಒಂದು ಗುರುತಿನ ಜಾಗ ಹೇಳಿಕೊಳ್ಳಿ. ಮಿನಾರಿನ ಬುಡ ಬೇಡ, ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಹೊರಗಿನ ಬಜಾರಿನ ಒಂದು ಅಂಗಡಿಯನ್ನು ಗುರುತಿಟ್ಟುಕೊಳ್ಳಿ.

ಹಾಲುಗೂಸು ಇರುವವರು, ಮಂಡಿನೋವಿನವರು ಹಬ್ಬದ ದಿನ ಒಳಗೆ ಹೋಗುವ ಹಟ ಮಾಡದೆ ಹೊರಗಿನ ಹುಲ್ಲಿನ ಮೇಲೆ ಇದ್ದರೆ ಒಳ್ಳೆಯದು. ಅಲ್ಲಿನವರೂ ಎಷ್ಟೋ ಜನ ಹಾಗೇ ಮಾಡುತ್ತಾರೆ.

10. ಪರಾಠ, ನದ್ರು ಮೊಂಜಿ, ನಸೀಮ್ ಬಾಗ್

ಹೊರಗೆ ಬಂದರೆ ಬಜಾರು. ಇಲ್ಲಿನ ಪರಾಠ ನಾವು ಮನೆಯಲ್ಲಿ ಮಾಡುವಂಥದ್ದಲ್ಲ. ಮೈದಾ ಹಿಟ್ಟನ್ನು ತೆಳ್ಳಗೆ, ಊಟದ ತಟ್ಟೆಗಿಂತ ಎಷ್ಟೋ ಅಗಲಕ್ಕೆ ತಟ್ಟಿ, ದೊಡ್ಡ ಬಾಣಲೆಯಲ್ಲಿ ಕರಿಯುತ್ತಾರೆ. ಅಂಗಡಿಯ ಮುಂದೆ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಇಡೀ ಪರಾಠ ಒಬ್ಬರಿಗೆ ಆಗುವುದಿಲ್ಲ, ಬೇಕಾದಷ್ಟು ತುಂಡು ಹರಿದು, ಮೇಲೆ ಬಿಸಿ ರವೆ ಹಲ್ವಾ ಹಾಕಿ ಕಾಗದದಲ್ಲಿ ಕೊಡುತ್ತಾರೆ. ದರ್ಗಾಕ್ಕೆ ಹೋದವರು ಇದನ್ನು ಮನೆಗೆ ಕಟ್ಟಿಸಿಕೊಂಡು ಹೋಗುವುದು ವಾಡಿಕೆ.

ಸಸ್ಯಾಹಾರಿಗಳಿಗೂ ಚಿಂತೆಯಿಲ್ಲ. ಕಮಲದ ದಂಟನ್ನು ಉದ್ದುದ್ದ ಸೀಳಿ, ಹಿಟ್ಟಿನಲ್ಲಿ ಅದ್ದಿ ಕರಿದ ನದ್ರು ಮೊಂಜಿ ಸಿಗುತ್ತದೆ. ಬಿಸಿಬಿಸಿ ಇರುವಾಗಲೇ ತಿನ್ನಬೇಕು. ಜೊತೆಗೆ ನೂನ್ ಚಾಯ್ ಕುಡಿದು ನೋಡಿ. ಗುಲಾಬಿ ಬಣ್ಣ, ಉಪ್ಪು ಹಾಕಿದ ಚಹಾ. ಸಕ್ಕರೆ ಚಹಾದ ನಾಲಿಗೆಗೆ ಮೊದಲ ಗುಟುಕು ವಿಚಿತ್ರ ಅನಿಸುತ್ತದೆ, ಎರಡನೆಯ ಲೋಟದ ಹೊತ್ತಿಗೆ ಹಿಡಿಸುತ್ತದೆ.

ತಿಂದಾದ ಮೇಲೆ ನಡೆದುಕೊಂಡು ಪಕ್ಕದ ನಸೀಮ್ ಬಾಗ್‌ಗೆ ಹೋಗಿ. ಮೊಘಲರ ಕಾಲದ ಚಿನಾರ್ ತೋಪು. ಈಗ ಕಾಶ್ಮೀರ ವಿಶ್ವವಿದ್ಯಾಲಯದ ಆವರಣದೊಳಗಿದೆ. ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರೆ ತೋರಿಸಿ, ತೋಪು ನೋಡಲು ಬಂದೆವು ಎಂದು ಹೇಳಿ. ಕೆಲವು ಮರಗಳ ಬುಡವನ್ನು ತಬ್ಬಲು ಮೂರು-ನಾಲ್ಕು ಜನ ಬೇಕು. ಅಕ್ಟೋಬರ್ ಕೊನೆಗೆ, ನವೆಂಬರ್ ಮೊದಲಿಗೆ ಹೋದವರಿಗೆ ಎಲೆಗಳು ಕೆಂಪಾಗಿ ನೆಲ ತುಂಬಿರುತ್ತವೆ.

ವಾಪಸಾಗುವಾಗ ಸಂಜೆಯ ನಮಾಜಿನ ಜನ ರಸ್ತೆಗೆ ಬರುವ ಮುಂಚೆ ಗಾಡಿ ಹಿಡಿಯಿರಿ. ಹಬ್ಬದ ದಿನವಾದರೆ ಹಜರತ್‌ಬಲ್ ಸ್ಟಾಂಡಿನಲ್ಲಿ ಆಟೊಗೆ ಕಾಯಬೇಡಿ. ವಿಶ್ವವಿದ್ಯಾಲಯದ ಗೇಟು ದಾಟಿ ಸ್ವಲ್ಪ ಮುಂದೆ ನಡೆದರೆ ಲಾಲ್ ಚೌಕದ ಕಡೆ ಹೋಗುವ ಬಸ್ಸೋ ಸುಮೋನೋ ಸಿಗುತ್ತದೆ.